ಹತ್ತನೇ ಪ್ರದರ್ಶನಕ್ಕೆ ನಾಟಕ ಕಟ್ಟಿ

ಮಲೆನಾಡಿನಲ್ಲಿ ನಾಟಕದ ಹುಚ್ಚಿಗೆ ಬರವಿಲ್ಲ. ಊರಿನ ಒಂದಷ್ಟು ಜನ ಸೇರುತ್ತಾರೆ, ಎರಡು ತಿಂಗಳು ತಾಲೀಮು ಮಾಡುತ್ತಾರೆ, ಒಂದು ಪ್ರದರ್ಶನ ಕೊಡುತ್ತಾರೆ. ಹಾರ, ಶಾಲು, ಗ್ರೂಪ್ ಫೋಟೋ. ಆಮೇಲೆ ಸೆಟ್ಟಿನ ಪ್ಲೈವುಡ್ ಯಾರದೋ ಕೊಟ್ಟಿಗೆ ಸೇರುತ್ತದೆ. ನನಗೆ ಇದು ನಿಜಕ್ಕೂ ಹೊಟ್ಟೆ ಉರಿಯುವ ಸಂಗತಿ. ನಾಟಕ ಹದಕ್ಕೆ ಬರುವುದೇ ನಾಲ್ಕೈದು ಪ್ರದರ್ಶನ ಆದ ಮೇಲೆ. ಹಾಕಿದ ದುಡ್ಡು ವಾಪಸ್ ಬರುವುದೂ ಆಮೇಲೆಯೇ. ಹಾಗಾಗಿ ಹೊಸದಾಗಿ ತಂಡ ಕಟ್ಟುವವರು ಮೊದಲ ದಿನದಿಂದಲೇ ಹತ್ತನೇ ಪ್ರದರ್ಶನವನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು.

ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಸಾಗರದ ಪಕ್ಕದ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಮ್, 1985ರಲ್ಲಿ ತಿರುಗಾಟ ಶುರು ಮಾಡಿತು. ಅದೇ ತಂಡ, ಅದೇ ನಾಟಕಗಳು, ಊರಿಂದ ಊರಿಗೆ. ನಮ್ಮಂಥ ಪುಟ್ಟ ತಂಡಕ್ಕೆ ರಾಜ್ಯ ಸುತ್ತುವುದು ಆಗದು, ನಿಜ. ಆದರೆ ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಕೊಪ್ಪ, ಶೃಂಗೇರಿ ಕಡೆ ಓಡಾಡಿದರೂ ಹತ್ತು ಪ್ರದರ್ಶನ ಸಿಗುತ್ತದೆ.

ಮೊದಲು ಕಾಗದಪತ್ರ

ಇದನ್ನು ಬೇಗ ಮುಗಿಸಿಬಿಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಪ್ರಕಾರ ಸಂಘ ನೋಂದಾಯಿಸಲು ಕನಿಷ್ಠ 7 ಜನ ಬೇಕು. ನೋಂದಣಿ ಆದರೆ ತಂಡದ ಹೆಸರಲ್ಲಿ ಬ್ಯಾಂಕ್ ಖಾತೆ ತೆರೆಯಬಹುದು, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗೆ ಅರ್ಜಿ ಹಾಕುವಾಗಲೂ ಅನುಕೂಲ. ಅನುದಾನ ಬಂದರೆ ಒಳ್ಳೆಯದೇ. ಅದನ್ನೇ ನಂಬಿಕೊಂಡು ನಾಟಕಕ್ಕೆ ಕೈ ಹಾಕಬೇಡಿ.

ನಾಟಕದ ಆಯ್ಕೆ

ಎಂಟು ಜನರಲ್ಲಿ ಮುಗಿಯುವ ನಾಟಕ ಹುಡುಕಿ. ಇಪ್ಪತ್ತು ಪಾತ್ರ ಇದ್ದರೆ ಮೊದಲ ಪ್ರದರ್ಶನ ಭರ್ಜರಿಯಾಗಿರುತ್ತದೆ. ಮೂರನೆಯದಕ್ಕೆ ಒಬ್ಬರಿಗೆ ರಜೆ ಇಲ್ಲ, ಇನ್ನೊಬ್ಬರ ಮನೆಯಲ್ಲಿ ಮದುವೆ. ಎಂಟು ಜನ ಅಂದರೆ ಒಂದು ಟೆಂಪೊ ಟ್ರಾವೆಲರ್‌ನಲ್ಲಿ ನಟರು, ಬೆಳಕಿನವರು, ಸಂಗೀತದವರು ಎಲ್ಲ ಹಿಡಿಯುತ್ತಾರೆ.

ಮುಂದಿನದು ಅನುಮತಿ. ಬರೆದವರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಆ ಲೆಕ್ಕ ಮರು ವರ್ಷದ ಜನವರಿಯಿಂದ ಶುರು. ಕೈಲಾಸಂ ತೀರಿಕೊಂಡಿದ್ದು 1946ರಲ್ಲಿ, ಹಾಗಾಗಿ ಅವರ ನಾಟಕಗಳು ಈಗ ಎಲ್ಲರಿಗೂ ಮುಕ್ತ. ಕುವೆಂಪು ಅವರು ತೀರಿಕೊಂಡಿದ್ದು 1994ರಲ್ಲಿ, ಅವರ ಕೃತಿಗಳಿಗೆ 2054ರ ಕೊನೆವರೆಗೂ ಹಕ್ಕು ಇದೆ. ಕಾದಂಬರಿಯನ್ನು ರಂಗಕ್ಕೆ ಅಳವಡಿಸುವುದಾದರೂ ಅನುಮತಿ ಬೇಕು. ಅನುವಾದ ಆದರೆ ಅನುವಾದಕರನ್ನೂ ಕೇಳಬೇಕು. ನಾವು ಕಾಗದ ಬರೆದು ಕೇಳಿದಾಗಲೆಲ್ಲ ಲೇಖಕರ ಮನೆಯವರು ಪ್ರೀತಿಯಿಂದಲೇ ಮಾತಾಡಿದ್ದಾರೆ. ಎಷ್ಟು ಪ್ರದರ್ಶನ ಅಂತ ಮೊದಲೇ ಹೇಳಿ, ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ.

ತಾಲೀಮು ಮಳೆಗಾಲದಲ್ಲಿ

ಇಲ್ಲಿನ ಕ್ಯಾಲೆಂಡರ್ ಬರೆಯುವುದು ಮಳೆ ಮತ್ತು ಅಡಿಕೆ. ಜುಲೈಯಿಂದ ಸೆಪ್ಟೆಂಬರ್ ತಾಲೀಮಿಗೆ ಸರಿಯಾದ ಕಾಲ. ಅಡಿಕೆ ಗೊನೆಯ ಕೊಯ್ಲು ಶುರುವಾಯಿತೋ, ತೋಟ ಇರುವ ನಟರು ಕೈಗೆ ಸಿಗುವುದಿಲ್ಲ. ರಾತ್ರಿ ಅಡಿಕೆ ಸುಲಿಯುವ ಮನೆಗಳಿಂದ ಪ್ರೇಕ್ಷಕರೂ ಬರುವುದಿಲ್ಲ. ಮಳೆ ನಿಂತ ಮೇಲೆ ಒಂದು ಸುತ್ತು, ಕೊಯ್ಲು ಮುಗಿದ ಮೇಲೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದೊಡ್ಡ ಸುತ್ತು ಇಟ್ಟುಕೊಳ್ಳಿ.

ಜಾಗ ನೋಡುವಾಗ ಮಾಡಿನ ಕಡೆ ಗಮನ ಇರಲಿ. ನಾವು ಒಂದು ವರ್ಷ ತಗಡಿನ ಶೆಡ್ಡಿನಲ್ಲಿ ತಾಲೀಮು ಮಾಡಿದೆವು. ಮೇಲೆ ಮಳೆ ಹೊಡೆಯುವ ಸದ್ದಿಗೆ ಎಲ್ಲರೂ ಕೂಗಿ ಕೂಗಿ ಮಾತು ಕಲಿತರು. ರಂಗದ ಮೇಲೆ ಅಮ್ಮ ಮಗಳ ಕಿವಿಯಲ್ಲಿ ಹೇಳುವ ಮಾತೂ ಕೂಗಾಗಿಯೇ ಬಂತು. ಅದನ್ನು ಬಿಡಿಸಲು ಹದಿನೈದು ದಿನ ಬೇಕಾಯಿತು. ಹೆಂಚಿನ ಮಾಡು ಇದ್ದರೆ ವಾಸಿ.

ಸಂಜೆ ಆರೂವರೆಗೆ ಶುರು, ಒಂಬತ್ತಕ್ಕೆ ಮುಕ್ತಾಯ. ಮೊದಲ ಒಂದು ವಾರ ಸುಮ್ನೆ ಕೂತು ಓದಿ. ಹೆಣ್ಣುಮಕ್ಕಳನ್ನು ಮನೆಗೆ ಬಿಟ್ಟು ಬರುವವರು ಯಾರು ಅಂತ ಮೊದಲ ದಿನವೇ ತೀರ್ಮಾನ ಆಗಲಿ. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಬೇಗ ಹೋಗಿಬಿಡುತ್ತದೆ. 'ನಮ್ಮಲ್ಲಿ ನಟಿಯರೇ ಸಿಗಲ್ಲ' ಅನ್ನುವ ಎಷ್ಟೋ ತಂಡಗಳು ಈ ಒಂದು ವ್ಯವಸ್ಥೆ ಮಾಡಿರುವುದಿಲ್ಲ.

ಸೆಟ್ಟಿಗೆ ವಾಹನವೇ ಅಳತೆ

ಟಾಟಾ ಏಸ್‌ನ ಹಿಂಭಾಗ ಸುಮಾರು 7 ಅಡಿ ಉದ್ದ, 5 ಅಡಿಗೆ ಚೂರು ಕಮ್ಮಿ ಅಗಲ. ಪ್ಲೈವುಡ್ ಹಾಳೆ 8 ಅಡಿಗೆ 4 ಅಡಿ. ಅಂದರೆ ಹಾಳೆಯನ್ನು ಹಾಗೇ ಫ್ರೇಮಿಗೆ ಹೊಡೆದರೆ ಒಂದಡಿ ಹೊರಗೆ ಚಾಚಿಕೊಳ್ಳುತ್ತದೆ, ಘಾಟಿ ತಿರುವುಗಳಲ್ಲಿ ಮೂಲೆ ಕಿತ್ತು ಬರುತ್ತದೆ. ಯಾವ ತುಂಡೂ 6 ಅಡಿ ಮೀರದಂತೆ ಕತ್ತರಿಸಿ. ಎರಡು ತುಂಡು ಜೋಡಿಸಲು ಮೊಳೆ ಹೊಡೆಯಬೇಡಿ, ಕಡ್ಡಿ ಎಳೆದರೆ ಬಿಚ್ಚಿಕೊಳ್ಳುವ ಬಿಜಾಗರಿ ಹಾಕಿಸಿ. ನಮ್ಮ ಸೆಟ್ ನಿಲ್ಲಿಸಲು ಮೊದಲು ಮೂರು ಗಂಟೆ ಬೇಕಿತ್ತು. ಬಿಜಾಗರಿ ಹಾಕಿದ ಮೇಲೆ ನಲವತ್ತು ನಿಮಿಷ ಸಾಕು. ತುಂಡುಗಳ ಹಿಂದೆ ಬಣ್ಣದಲ್ಲಿ ನಂಬರ್ ಬರೆಯಿರಿ. ಕತ್ತಲಲ್ಲಿ ಯಾರು ಬೇಕಾದರೂ ಜೋಡಿಸುವ ಹಾಗಿರಬೇಕು.

ವೇಷಭೂಷಣದ ಟ್ರಂಕನ್ನು ಮಳೆಗಾಲದಲ್ಲಿ ನೆಲದ ಮೇಲೆ ಇಟ್ಟರೆ ಬಟ್ಟೆಗೆಲ್ಲ ಬೂಷ್ಟು ಹಿಡಿಯುತ್ತದೆ. ಒಲೆಯ ಬಿಸಿ ತಾಗುವ ಅಟ್ಟ ಇದ್ದರೆ ಅಲ್ಲಿಡಿ.

ಕರೆಂಟಿನ ಲೆಕ್ಕ

ಹೊಸ ತಂಡಗಳು ಜಾಸ್ತಿ ಎಡವುವುದು ಇಲ್ಲೇ. ರಂಗದ ಮೇಲೆ ಬೆಳಕು ಚೆಲ್ಲುವ ಹಳೆಯ ಪಾರ್ ಲೈಟ್ ಒಂದಕ್ಕೆ 1000 ವ್ಯಾಟ್. ಅಂಥ ಹನ್ನೆರಡು ಹಾಕಿದರೆ 12 ಕಿಲೋವ್ಯಾಟ್, 230 ವೋಲ್ಟಿನಲ್ಲಿ ಸುಮಾರು 52 ಆಂಪಿಯರ್. ಶಿವಮೊಗ್ಗದ ಕುವೆಂಪು ರಂಗಮಂದಿರದಂಥ ಕಡೆ ಇದು ಚಿಂತೆಯಲ್ಲ. ಹಳ್ಳಿಯ ಸಮುದಾಯ ಭವನದ ಸಿಂಗಲ್ ಫೇಸ್ ಲೈನಿಗೆ ಇದು ಆಗದ ಮಾತು. 150 ವ್ಯಾಟಿನ ಎಲ್‌ಇಡಿ ಪಾರ್ ಹನ್ನೆರಡಕ್ಕೆ 8 ಆಂಪಿಯರ್ ಸಾಕು. ಎಲ್‌ಇಡಿ ಬೆಳಕು ಮುಖದ ಮೇಲೆ ಹಳೆಯ ಲೈಟಿನಷ್ಟು ಹಿತವಾಗಿ ಬೀಳುವುದಿಲ್ಲ ಅಂತ ನನಗೂ ಅನಿಸುತ್ತದೆ. ಆದರೂ ತಿರುಗಾಡುವ ತಂಡಕ್ಕೆ ಅದೇ ಸರಿ.

ಒಮ್ಮೆ ಒಂದು ಹಳ್ಳಿಯಲ್ಲಿ ನ್ಯೂಟ್ರಲ್ ಸಡಿಲವಾಗಿತ್ತು. ಎರಡನೇ ದೃಶ್ಯದಲ್ಲಿ ಲೈಟುಗಳು ಒಮ್ಮೆಲೇ ಪ್ರಖರವಾದವು, ಮರುಕ್ಷಣ ನಾಲ್ಕು ಸುಟ್ಟುಹೋದವು. ಉಳಿದ ನಾಟಕವನ್ನು ಎರಡು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮುಗಿಸಿದೆವು, ಜನ ಎದ್ದು ಹೋಗಲಿಲ್ಲ. ಅವತ್ತಿನಿಂದ ಮಧ್ಯಾಹ್ನವೇ ಎಲೆಕ್ಟ್ರಿಷಿಯನ್ ಬಂದು ಮೀಟರ್ ಹಿಡಿದು ವೋಲ್ಟೇಜ್ ನೋಡದೆ ನಾವು ಒಂದು ಪ್ಲಗ್ಗನ್ನೂ ಚುಚ್ಚುವುದಿಲ್ಲ. ಬಯಲಿನಲ್ಲಿ ಆಡುವುದಾದರೆ ಕೇಬಲ್ಲಿನ ಜೋಡಣೆಗಳನ್ನು ನೆಲದಿಂದ ಎತ್ತಿ ಕಟ್ಟಿ. ಚಳಿಗಾಲದಲ್ಲಿ ಒಂಬತ್ತು ಗಂಟೆಗೇ ಇಬ್ಬನಿ ಇಳಿಯುತ್ತದೆ, ರಂಗವೂ ಜಾರುತ್ತದೆ.

ಸಂಘಟಕರ ಜೊತೆ ಮಾತು

ಟಿಕೆಟ್ ಇಟ್ಟು ಆಡುವುದು ಪೇಟೆಯಲ್ಲಿ ಸರಿ. ಟಿಕೆಟ್ 500 ರೂಪಾಯಿ ಮೀರದಿದ್ದರೆ ನಾಟಕಕ್ಕೆ ಜಿಎಸ್‌ಟಿ ಇಲ್ಲ. ಹಳ್ಳಿಯಲ್ಲಿ ಯುವಕ ಸಂಘ, ಶಾಲೆಯ ಹಳೆ ವಿದ್ಯಾರ್ಥಿಗಳು, ದೇವಸ್ಥಾನದ ಸಮಿತಿ ಕರೆಸಿಕೊಳ್ಳುತ್ತಾರೆ. ಮೊತ್ತ ಎಷ್ಟು, ಊಟ ಎಷ್ಟು ಜನಕ್ಕೆ, ರಾತ್ರಿ ಮಲಗುವುದು ಎಲ್ಲಿ, ಹೆಣ್ಣುಮಕ್ಕಳು ಬಟ್ಟೆ ಬದಲಿಸಲು ಬಾಗಿಲು ಇರುವ ಕೋಣೆ ಇದೆಯಾ ಅಂತ ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಹಾಕಿ. ಅರ್ಧ ದುಡ್ಡು ಮುಂಗಡ. ಇದರಲ್ಲಿ ಸಂಕೋಚ ಬೇಡ.

ಅದೇ ಹಾಳೆಯಲ್ಲಿ ಸಭಾ ಕಾರ್ಯಕ್ರಮದ ಸಮಯವನ್ನೂ ಬರೆಯಿರಿ. ಬಯಲಿನಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಏಳಕ್ಕೆ ಶುರುವಾದ ಸಭೆಯಲ್ಲಿ ಆರು ಜನ ಮಾತಾಡಿದರೆ ಎಂಟೂವರೆ ಆಯಿತು, ಎರಡು ಗಂಟೆಯ ನಾಟಕ ಎಲ್ಲಿ ಮುಗಿಯಬೇಕು? ಸನ್ಮಾನಗಳೆಲ್ಲ ಇಪ್ಪತ್ತು ನಿಮಿಷದಲ್ಲಿ ಆಗಲಿ ಅಂತ ಕೈಮುಗಿದು ಕೇಳಿ. ಮೊದಲೇ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಪರದೆ ಬಿದ್ದ ಮೇಲೆ

ಬಣ್ಣ ಒರೆಸುವ ಮೊದಲು ಪರಿಕರಗಳನ್ನು ಪಟ್ಟಿ ಹಿಡಿದು ಎಣಿಸಿ. ಒಂದು ತಂಬಿಗೆ, ಒಂದು ಊರುಗೋಲು ಅಲ್ಲೇ ಉಳಿದರೆ ಮುಂದಿನ ಊರಿನಲ್ಲಿ ಪರದಾಟ. ನಟರ ಗೌರವಧನ ಎಷ್ಟೇ ಸಣ್ಣದಿರಲಿ, ಅದೇ ರಾತ್ರಿ ಕೈಗೆ ಕೊಡಿ. ನಂತರ ಸಂಘಟಕರ ಜೊತೆ ಊಟಕ್ಕೆ ಕೂತಾಗ ಪಕ್ಕದ ಊರಿನಲ್ಲಿ ನಾಟಕ ಕರೆಸುವವರು ಯಾರಿದ್ದಾರೆ ಅಂತ ಕೇಳಿ, ಫೋನ್ ನಂಬರ್ ಬರೆದುಕೊಂಡೇ ಗಾಡಿ ಹತ್ತಿ. ನಮ್ಮ ಅರ್ಧಕ್ಕರ್ಧ ಪ್ರದರ್ಶನಗಳು ಸಿಕ್ಕಿದ್ದು ಹೀಗೆ, ಬಾಳೆ ಎಲೆಯ ಮುಂದೆ ಕೂತೇ.