ಪೆಲೆಟ್ ಡಬ್ಬಿಯ ಲೆಕ್ಕ: ಏರ್ ರೈಫಲ್ ಕಲಿತ ನನ್ನ ಮೊದಲ ವರ್ಷ

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು 17 ವರ್ಷಗಳಿಂದ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದೇನೆ. ಕುಲುಮೆಯಿಂದ ಒಂದು ಸಲಕ್ಕೆ ಸುರಿಯುವ ಕರಗಿದ ಕಬ್ಬಿಣಕ್ಕೆ ನಾವು ಹೀಟ್ ಎನ್ನುತ್ತೇವೆ. ಯಾವುದೇ ಕಾಸ್ಟಿಂಗ್ ವಾಪಸು ಬಂದರೂ ಮೊದಲು ಹುಡುಕುವುದು ಅದರ ಹೀಟ್ ನಂಬರನ್ನೇ. 41ನೆಯ ವಯಸ್ಸಿನಲ್ಲಿ, ಗಾಳಿಯ ಒತ್ತಡದಿಂದ ಗುಂಡು ಹಾರಿಸುವ 10 ಮೀಟರ್ ಏರ್ ರೈಫಲ್ ಕಲಿಯಲು ಸೇರಿದಾಗ ಈ ಅಭ್ಯಾಸವೇ ನನ್ನ ಗಮನವನ್ನು ರೈಫಲ್ಲಿಗಿಂತ ಹೆಚ್ಚಾಗಿ ಅದರ ಸಣ್ಣ ಗುಂಡಿನ, ಅಂದರೆ ಪೆಲೆಟ್ಟಿನ ಕಡೆಗೆ ಸೆಳೆಯಿತು.

ಆಸಕ್ತಿಯ ಬೇರು ಇನ್ನೂ ಹಿಂದಿನದು. ಖಾನಾಪುರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅಜ್ಜನ ಬಳಿ ಬೆಳೆ ಕಾಯಲೆಂದು ಲೈಸನ್ಸ್ ಪಡೆದ ಕೇಪಿನ ಬಂದೂಕೊಂದಿತ್ತು. ಮದ್ದನ್ನು ಅಳತೆಯ ಕೊಳವೆಗೆ ಸುರಿದು, ಅಂಚನ್ನು ಬೆರಳಿನಿಂದ ಸಮ ಮಾಡಿ, ಹೆಚ್ಚಾದುದನ್ನು ಮತ್ತೆ ಡಬ್ಬಿಗೆ ಹಾಕುವಾಗ ಅಜ್ಜ ಯಾರೊಂದಿಗೂ ಮಾತನಾಡುತ್ತಿರಲಿಲ್ಲ. ಕೆಲವು ದೇಶಗಳಲ್ಲಿ ಹವ್ಯಾಸಿಗಳು ಬಳಸಿದ ಕಾಡತೂಸಿಗೆ ಮನೆಯಲ್ಲಿಯೇ ಕಿಡಿ ಹುಟ್ಟಿಸುವ ಹೊಸ ಕೇಪು, ಮದ್ದು ಮತ್ತು ಗುಂಡು ತುಂಬಿಕೊಳ್ಳುತ್ತಾರೆ ಎಂದು ಓದಿದಾಗ ನನಗೆ ಅಜ್ಜನ ಆ ಕೈಗಳೇ ನೆನಪಾದವು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ, ಮತ್ತು ಅದು ಸರಿಯಾದ ನಿರ್ಬಂಧವೆಂದೇ ನಾನು ಭಾವಿಸುತ್ತೇನೆ. ಆದರೆ ತೂಗಿ, ಅಳೆದು, ವಿಂಗಡಿಸುವ ಆ ಶಿಸ್ತಿಗೆ ಏರ್ ರೈಫಲ್ಲಿನಲ್ಲಿಯೂ ಜಾಗವಿದೆ. 4.5 ಮಿ.ಮೀ. ಬೋರಿನ (ನಳಿಕೆಯ ಒಳವ್ಯಾಸದ), 20 ಜೌಲ್ ಶಕ್ತಿ ಮೀರದ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಲೈಸನ್ಸ್ ಬೇಕಿಲ್ಲ. ಸ್ಪರ್ಧೆಯ ಏರ್ ರೈಫಲ್ಲಿನ ಶಕ್ತಿ ಸುಮಾರು 8 ಜೌಲ್ ಮಾತ್ರ.

ಗುಂಡನ್ನು ತಾವೇ ತುಂಬಿಕೊಳ್ಳದವರೂ ಗುಂಡನ್ನು ಆರಿಸಿಕೊಳ್ಳಲೇಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಅವರು ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸುವ ಕಾಡತೂಸಿನಲ್ಲಿ ಕಿಡಿ ಹುಟ್ಟಿಸುವ ರಾಸಾಯನಿಕವು ತಳದ ಅಂಚಿನೊಳಗೇ ಇರುವುದರಿಂದ ಅದನ್ನು ಮರಳಿ ತುಂಬುವ ಪದ್ಧತಿಯಿಲ್ಲ. ಹಾಗಾಗಿ ಆ ಸ್ಪರ್ಧಿಗಳು ಕಾರ್ಖಾನೆಯ ಬೇರೆ ಬೇರೆ ಲಾಟುಗಳನ್ನು (ಒಂದೊಂದು ಸಲಕ್ಕೆ ತಯಾರಾದ ಗುಂಡುಗಳ ಗುಂಪುಗಳನ್ನು) ತಮ್ಮ ರೈಫಲ್ಲಿನಲ್ಲಿ ಹೊಡೆದು ನೋಡಿ, ಹೊಂದುವ ಲಾಟನ್ನು ಕೂಡಿಟ್ಟುಕೊಳ್ಳುತ್ತಾರೆ. ಹೀಟ್ ನಂಬರಿನ ಮನುಷ್ಯನಿಗೆ ಇದು ಕೂಡಲೇ ಅರ್ಥವಾಗುವ ಮಾತು.

ಸ್ಪರ್ಧೆಯ ಪೆಲೆಟ್ ಸೀಸದ್ದು. ಚಪ್ಪಟೆ ತಲೆ, ಸಣ್ಣ ಸೊಂಟ, ಹಿಂದೆ ಟೊಳ್ಳಾಗಿ ಅಗಲವಾದ ಸ್ಕರ್ಟ್. ತಲೆ ಚಪ್ಪಟೆಯಾಗಿರುವುದರಿಂದ ಕಾಗದದಲ್ಲಿ ಪಂಚ್ ಮಾಡಿದಂತೆ ದುಂಡನೆಯ ತೂತು ಬೀಳುತ್ತದೆ. ಗಾಳಿಯ ಒತ್ತಡಕ್ಕೆ ತೆಳುವಾದ ಸ್ಕರ್ಟ್ ಹಿಗ್ಗಿ ಬ್ಯಾರೆಲ್ಲಿನ ಒಳಗೋಡೆಗೆ ಬಿಗಿಯಾಗಿ ಕೂರುತ್ತದೆ. ರೈಫಲ್ಲಿನ ಪೆಲೆಟ್ ಸುಮಾರು 0.53 ಗ್ರಾಂ ತೂಗುತ್ತದೆ. ಡಬ್ಬಿಯ ಮೇಲೆ ತಲೆಯ ವ್ಯಾಸವನ್ನು 4.49, 4.50, 4.51 ಎಂದು ನಮೂದಿಸಿರುತ್ತಾರೆ. ಫೌಂಡ್ರಿಯಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ ನನಗೆ ಹೊಸದಲ್ಲ. ಇಷ್ಟು ಮೆತ್ತಗಿನ ಲೋಹದಲ್ಲಿ ಅದನ್ನು ಕಾಯ್ದುಕೊಳ್ಳುತ್ತಾರಲ್ಲ ಎಂಬುದು ಹೊಸದಾಗಿತ್ತು.

ಕಲಿಸುವವರು ಸೈನ್ಯದಿಂದ ನಿವೃತ್ತರಾದ ಸುಭೇದಾರರು. ಮೊದಲ ತಿಂಗಳಲ್ಲಿಯೇ ನಾನು ಮೂರು ಬಗೆಯ ಡಬ್ಬಿಗಳನ್ನು ಹಿಡಿದುಕೊಂಡು ಹೋದಾಗ ಅವರು ಅವನ್ನು ಮೇಜಿನ ಮೇಲಿಟ್ಟು, "ಇವನ್ನ ಆಮ್ಯಾಲ ನೋಡೂಣ್ರಿ. ಮೊದಲ ಒಂದ ಡಬ್ಬಿಯಿಂದ ಇಪ್ಪತ್ತ ಗುಂಡ ಹೊಡದ ತೋರಸ್ರಿ" ಎಂದರು. ನನ್ನ 20 ಗುಂಡುಗಳು ಅಂಗೈಯಗಲ ಹರಡಿದ್ದವು. ಆ ಕಾಗದವನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ. ಮುಂದಿನ ನಾಲ್ಕು ತಿಂಗಳು ಅವರು ನನಗೆ ನಿಲುವು, ಉಸಿರು ಮತ್ತು ಟ್ರಿಗರ್ ಬಿಟ್ಟು ಬೇರೇನನ್ನೂ ಹೇಳಲಿಲ್ಲ.

ಆದರೂ ಮನೆಯಲ್ಲಿ ನಾನು ಸುಮ್ಮನಿರಲಿಲ್ಲ. ಮೊದಲು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಪೆಲೆಟ್ಟಿನ ತಲೆಯನ್ನು ಮೈಕ್ರೋಮೀಟರಿನಲ್ಲಿ ಹಿಡಿದೆ. ಉಕ್ಕಿಗೆ ಒಗ್ಗಿದ ಕೈ ಎಷ್ಟು ಹಗುರವಾಗಿ ತಿರುಗಿಸಿದರೂ ಎರಡನೆಯ ಸಲ ಅಳೆದಾಗ ಅಳತೆ ಕಡಿಮೆ ಬಂದಿತು, ಮೂರನೆಯ ಸಲ ಇನ್ನೂ ಕಡಿಮೆ. ಭೂತಗನ್ನಡಿಯಲ್ಲಿ ನೋಡಿದರೆ ತಲೆಯ ಅಂಚಿನ ಎರಡು ಕಡೆ ಹೊಳೆಯುವ ಚಿಕ್ಕ ಚಪ್ಪಟೆ ಗುರುತುಗಳಿದ್ದವು. ನಾನು ಅಳೆಯುತ್ತಿರಲಿಲ್ಲ, ಅದುಮುತ್ತಿದ್ದೆ. ಹಾಗೆ ಮುಟ್ಟಿದ 60 ಪೆಲೆಟ್ಟುಗಳನ್ನೂ ತೆಗೆದಿಟ್ಟುಬಿಟ್ಟೆ. ಆಮೇಲೆ ಕಂಡುಕೊಂಡ ದಾರಿ ಸರಳವಾದದ್ದು: ದಪ್ಪ ಗಾಜನ್ನು ಒಂದು ಬದಿ ತುಸು ಎತ್ತರಿಸಿಟ್ಟು, ಒಂದೇ ಗುರುತಿನಿಂದ ಒಂದೊಂದೇ ಪೆಲೆಟ್ಟನ್ನು ಉರುಳಿಸುವುದು. ತಲೆಗಿಂತ ಸ್ಕರ್ಟ್ ಅಗಲವಾಗಿರುವುದರಿಂದ ಪೆಲೆಟ್ ನೇರವಾಗಿ ಹೋಗದೆ ಬಾಗಿಕೊಂಡು ಉರುಳುತ್ತದೆ. ಒಂದೇ ಆಕಾರದವು ಒಂದೇ ಜಾಗ ಸೇರುತ್ತವೆ, ನೆಗ್ಗಿದವು ಬೇರೆ ಕಡೆ ನಿಲ್ಲುತ್ತವೆ. ಒಂದು ಡಬ್ಬಿಯ 500ರಲ್ಲಿ 14 ಹೀಗೆ ದಾರಿ ತಪ್ಪಿದವು, ಅವುಗಳಲ್ಲಿ ಹೆಚ್ಚಿನವುಗಳ ಸ್ಕರ್ಟ್ ಕಣ್ಣಿಗೇ ಕಾಣುವಷ್ಟು ಸೊಟ್ಟಗಿತ್ತು.

ತೂಕಕ್ಕೆ ಶಹಾಪುರದ ಪರಿಚಯದ ಪತ್ತಾರರ (ಅಕ್ಕಸಾಲಿಗರ) ಅಂಗಡಿಗೆ ಹೋದೆ. ಅವರ ತಕ್ಕಡಿ ಒಂದು ಮಿಲಿಗ್ರಾಂವರೆಗೆ ತೋರಿಸುತ್ತದೆ. ಅಂಗಡಿ ಮುಚ್ಚುವ ಹೊತ್ತಿನಲ್ಲಿ, ಗಾಜಿನ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಎರಡು ಸಂಜೆ ಕುಳಿತು ಇಡೀ ಡಬ್ಬಿಯನ್ನು ತೂಗಿದೆವು. ಚಿನ್ನ ತೂಗುವ ತಟ್ಟೆಗೆ ಸೀಸ ತಾಗಬಾರದೆಂದು ಬೆಣ್ಣೆ ಕಾಗದದ ಚೂರನ್ನಿಟ್ಟು, ಅದರ ತೂಕವನ್ನು ಸೊನ್ನೆ ಮಾಡಿಕೊಂಡಿದ್ದೆ. ಮೊದಲ ಪೆಲೆಟ್ಟಿನ ಅಂಕಿ ನೋಡಿ ಪತ್ತಾರರು, "ನಾಕ ಗುಂಜಿ ಮ್ಯಾಲ ಸ್ವಲ್ಪ ಐತಿ ನೋಡ್ರಿ" ಎಂದು ಚಿನ್ನದ ಹಳೆಯ ತೂಕದ ಲೆಕ್ಕದಲ್ಲಿ ಹೇಳಿದರು. ಬಹುಪಾಲು 0.530 ಮತ್ತು 0.534 ಗ್ರಾಮಿನ ನಡುವೆ ಬಂದವು. 11 ಮಾತ್ರ ಹೊರಗುಳಿದವು.

ಇಷ್ಟೆಲ್ಲ ಮಾಡಿದ್ದರಿಂದ ಏನು ಸಿಕ್ಕಿತು ಎಂಬುದನ್ನು ನನ್ನ ಕೈಯಿಂದ ಹೊಡೆದು ತಿಳಿಯಲು ಸಾಧ್ಯವಿರಲಿಲ್ಲ, ಏಕೆಂದರೆ ಕೈಯ ದೋಷ ಪೆಲೆಟ್ಟಿನ ದೋಷಕ್ಕಿಂತ ಹತ್ತಾರು ಪಟ್ಟು ದೊಡ್ಡದು. ಆರನೆಯ ತಿಂಗಳಲ್ಲಿ ಸುಭೇದಾರರ ಒಪ್ಪಿಗೆ ಪಡೆದು, ರೈಫಲ್ಲಿನ ಮರದ ದಸ್ತೆಯನ್ನು ಬಿಚ್ಚಿ, ಉಳಿದ ಭಾಗವನ್ನು ಬಿಗಿಯಾಗಿ ಕೂರಿಸುವ ಒಂದು ಕಬ್ಬಿಣದ ಫಿಕ್ಸ್ಚರ್ ಮಾಡಿಸಿದೆ. ಬ್ಯಾರೆಲ್ಲನ್ನೂ ಗಾಳಿಯ ಸಿಲಿಂಡರನ್ನೂ ಅದು ಹಿಡಿಯಬಾರದು, ಹಿಡಿದರೆ ಫಲಿತಾಂಶವೇ ಬದಲಾಗುತ್ತದೆ. ಗುರಿ ಅಭ್ಯಾಸದ ರೇಂಜಿನಲ್ಲಿ ಯಾರೂ ಇಲ್ಲದ ಒಂದು ಭಾನುವಾರ ಬೆಳಿಗ್ಗೆ ಪ್ರತಿ ಬಗೆಯಿಂದ 10 ಗುಂಡುಗಳಂತೆ ಹೊಡೆದು, ಕೂಡಿಕೊಂಡ ತೂತಿನ ಹೊರ ಅಂಚನ್ನು ವರ್ನಿಯರಿನಲ್ಲಿ ಅಳೆದೆ. 4.49ರ ಡಬ್ಬಿ 7.2 ಮಿ.ಮೀ., 4.51ರದು 6.6, 4.50ರ ಒಂದು ಲಾಟು 5.8 ಕೊಟ್ಟಿತು. ಅದೇ ಲಾಟಿನ ತೂಗಿದ ಮತ್ತು ತೂಗದ ಪೆಲೆಟ್ಟುಗಳ ನಡುವೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಲಾಟ್ ಸರಿಯಿದ್ದರೆ ತಕ್ಕಡಿಯ ಮುಂದೆ ಕೂರುವ ಅಗತ್ಯ ಕಲಿಯುವವನಿಗಿಲ್ಲ. ನೆಗ್ಗಿದವನ್ನು ಆರಿಸಿ ತೆಗೆದರೆ ಸಾಕು.

ಸುಮಾರು ಒಂದೂವರೆ ಮಿಲಿಮೀಟರಿನ ಈ ಅಂತರಕ್ಕೆ ಬೆಲೆಯಿದೆಯೇ? ಗುರಿಕಾಗದದ ನಡುವಿನ ಹತ್ತು ಅಂಕದ ಚುಕ್ಕೆಯ ವ್ಯಾಸ 0.5 ಮಿ.ಮೀ. ಮಾತ್ರ, ಆದರೆ 4.5 ಮಿ.ಮೀ. ತೂತಿನ ಅಂಚು ಅದನ್ನು ಮುಟ್ಟಿದರೂ ಹತ್ತೇ ಸಿಗುವುದರಿಂದ ಪೆಲೆಟ್ಟಿನ ನಡುಬಿಂದು ಗುರಿಯಿಂದ 2.5 ಮಿ.ಮೀ. ದೂರದವರೆಗೆ ಬೀಳಬಹುದು. ಪೂರ್ಣಾಂಕದ ಲೆಕ್ಕದಲ್ಲಿ ಕೆಟ್ಟ ಲಾಟೂ ಬಹಳಷ್ಟು ಸಲ ಮುಚ್ಚಿಹೋಗುತ್ತದೆ. ಆದರೆ ಇಂದಿನ ದಶಮಾಂಶದ ಲೆಕ್ಕದಲ್ಲಿ ಗುಂಡೊಂದಕ್ಕೆ ಗರಿಷ್ಠ 10.9, ಮತ್ತು ಪ್ರತಿ 0.25 ಮಿ.ಮೀ. ದೂರಕ್ಕೆ 0.1 ಅಂಕ ಕಳೆಯುತ್ತದೆ. 60 ಗುಂಡುಗಳ ಸ್ಪರ್ಧೆಯಲ್ಲಿ ಅದು ಕೂಡುತ್ತ ಹೋಗುತ್ತದೆ. ನನ್ನ ಕೈ ಆ ಮಟ್ಟಕ್ಕೆ ಬರಲು ಇನ್ನೂ ಕಾಲ ಬೇಕು, ಆದರೂ ಹೊರಗೆ ಬಿದ್ದ ಗುಂಡು ನನ್ನ ಕೈಯ ತಪ್ಪೇ ಎಂದು ಅನುಮಾನವಿಲ್ಲದೆ ಒಪ್ಪಿಕೊಳ್ಳಲು ಆ ಲಾಟ್ ನನಗೆ ಬೇಕಾಗಿತ್ತು.

ಜುಲೈ ತಿಂಗಳ ಮಳೆಯಲ್ಲಿ ಇನ್ನೊಂದು ಪೆಟ್ಟು ಬಿದ್ದಿತು. ಒದ್ದೆಯಾದ ಕಿಟ್ ಬ್ಯಾಗಿನಲ್ಲಿ ಮೂರು ವಾರ ಉಳಿದ ಡಬ್ಬಿಯನ್ನು ತೆರೆದಾಗ ಪೆಲೆಟ್ಟುಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ ಹತ್ತಿತ್ತು. ತೇವಕ್ಕೆ ಸೀಸ ಹೀಗಾಗುತ್ತದೆ, ಮತ್ತು ಆ ಪುಡಿ ಉಸಿರಿನೊಂದಿಗೆ ಒಳಹೋಗುವುದು ಅಪಾಯಕರ. ಊದಿ ಸ್ವಚ್ಛಗೊಳಿಸುವ ಪ್ರಯತ್ನ ಮಾಡದೆ ಡಬ್ಬಿಯನ್ನು ಹಾಗೆಯೇ ಮುಚ್ಚಿ ರೇಂಜಿನ ಹಳೆಯ ಸೀಸದ ಪೆಟ್ಟಿಗೆಗೆ ಹಾಕಿದೆ. ಈಗ ಡಬ್ಬಿಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುತ್ತೇನೆ. ಪೆಲೆಟ್ಟನ್ನು ತುಟಿಯ ನಡುವೆ ಹಿಡಿಯುವ ಕೆಟ್ಟ ರೂಢಿ ಕೆಲವು ಹುಡುಗರಲ್ಲಿದೆ. ಅದನ್ನು ಕಂಡಾಗಲೆಲ್ಲ ತಡೆಯುತ್ತೇನೆ. ಅಭ್ಯಾಸ ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯದೆ ಚಹಾದ ಲೋಟವನ್ನೂ ಮುಟ್ಟುವುದಿಲ್ಲ.

ಪೆಲೆಟ್ಟನ್ನು ತುಂಬುವ ಕ್ರಿಯೆಗೆ ಈಗ ಒಂದು ಕ್ರಮ ಬಂದಿದೆ. ಬೆರಳ ತುದಿಯಲ್ಲಿ ಒಮ್ಮೆ ತಿರುಗಿಸಿ ಸ್ಕರ್ಟಿನ ದುಂಡು ನೋಡುತ್ತೇನೆ, ತಲೆಯನ್ನು ಮುಂದಾಗಿಟ್ಟು ಓರೆಯಾಗದಂತೆ ಹೆಬ್ಬೆರಳಿನಿಂದ ಕೂರಿಸುತ್ತೇನೆ, ಆಮೇಲೆಯೇ ಬ್ಯಾರೆಲ್ಲಿನ ಹಿಂಬದಿಯನ್ನು ಮುಚ್ಚುವ ಬೋಲ್ಟ್ ಹಾಕುತ್ತೇನೆ. ಮಾತಿಗೆ ಮಾತು ಬೆಳೆದು ಒಮ್ಮೆ ಒಂದರ ಹಿಂದೆ ಇನ್ನೊಂದು ಪೆಲೆಟ್ ತುಂಬಿದ್ದೆ. ಅಂದಿನಿಂದ ಬೋಲ್ಟ್ ತೆರೆದಿರುವಾಗ ಯಾರು ಕರೆದರೂ ಉತ್ತರಿಸುವುದಿಲ್ಲ.

5.8ರ ಆ ಲಾಟಿನ ಆರು ಡಬ್ಬಿಗಳನ್ನು ಒಟ್ಟಿಗೆ ಕೊಂಡಿದ್ದೆ. ಪ್ರತಿ ಮುಚ್ಚಳದ ಮೇಲೆ ಲಾಟ್ ನಂಬರ್, ತೆರೆದ ದಿನ, ಉಳಿದ ಸಂಖ್ಯೆ ಬರೆದಿರುತ್ತದೆ. ಎರಡು ಡಬ್ಬಿ ಉಳಿದಿವೆ. ಅವು ಖಾಲಿಯಾಗುವ ಮೊದಲು, ಮಳೆ ನಿಂತ ಮೇಲಿನ ಒಂದು ಭಾನುವಾರ, ಫಿಕ್ಸ್ಚರನ್ನು ಮತ್ತೆ ರೇಂಜಿಗೆ ಒಯ್ಯಬೇಕಾಗಿದೆ.