ಅಳತೆ ವಹಿಯ ಕೊನೆಯ ಹಾಳೆ

ನಾನು ಬಾಗಲಕೋಟೆಯ ನವನಗರದಲ್ಲಿ ಬ್ಲೌಸ್ ಹೊಲಿಯುತ್ತೇನೆ. ಗಿರಾಕಿಗಳ ಅಳತೆ ಬರೆಯುವ ವಹಿಯ ಕೊನೆಯ ಹಾಳೆಯಲ್ಲಿ ನನ್ನ ಅಳತೆಯೂ ಇದೆ. 2017ರ ಜೂನ್: ಎದೆ 50, ತೋಳು 18, ತೂಕ 118 ಕಿಲೋ. 2019ರ ಫೆಬ್ರುವರಿ: ಎದೆ 38, ತೋಳು 13, ತೂಕ 71. ಅದರ ಕೆಳಗೆ ಇನ್ನೂ ಐದಾರು ಸಾಲು ಇವೆ. ಎಲ್ಲರೂ ಕೇಳುವುದು ಮೇಲಿನ ಎರಡು ಸಾಲಿನ ಕಥೆ. ಕೆಳಗಿನವುಗಳ ಬಗ್ಗೆ ಯಾರೂ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೈಪಾಸ್ ಅಂದ ಕೂಡಲೇ ನಮ್ಮ ಓಣಿಯವರು ಹಾರ್ಟ್ ಆಪರೇಷನ್ ಅಂದುಕೊಂಡರು. ಸೇಬು, ಎಳನೀರು ಹಿಡಿದು ನೋಡಲಿಕ್ಕೆ ಬಂದರು. ನಾನೂ ತಿದ್ದಲಿಲ್ಲ. ನನ್ನದು ತೂಕ ಇಳಿಸಲು ಮಾಡುವ ಹೊಟ್ಟೆಯ ಬೈಪಾಸ್. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಆಯಿತು. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಸಣ್ಣ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಊಟ ಮಾತ್ರ ಆ ಕಡೆ ಹೋಗುವುದಿಲ್ಲ. ಕರುಳಿನ ಮೊದಲ ಭಾಗವನ್ನೂ ಬಿಟ್ಟು ಮುಂದಕ್ಕೆ ಹೋಗುತ್ತದೆ. ನನ್ನ ಮುಂದಿನ ತಾಪತ್ರಯಗಳಲ್ಲಿ ದೊಡ್ಡದು ಆ ಬಿಟ್ಟುಹೋದ ಭಾಗದಿಂದಲೇ ಬಂತು.

ಮೊದಲ ವರ್ಷ ಸುಮ್ನೆ ಕೂತರೂ ತೂಕ ಇಳಿಯಿತು. ಹಸಿವೇ ಇರಲಿಲ್ಲ. ನಾಲ್ಕನೇ ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರಿತು, ಆಮೇಲೆ ಬಂತು. "ಯಾಕವಾ ಇಷ್ಟ ಸೊರಗಿದಿ, ಶುಗರ್ ಬಂದೈತೇನ?" ಅಂತ ಅಂಗಡಿಗೆ ಬಂದವರೆಲ್ಲ ಕೇಳಿದರು. ನಮ್ಮ ಕಡೆ ದಪ್ಪ ಇದ್ದರೆ ಕಾರಣ ಕೇಳುವುದಿಲ್ಲ, ಸೊರಗಿದರೆ ಮಾತ್ರ ಕೇಳುತ್ತಾರೆ.

ಊಟ ಹೊಸದಾಗಿ ಕಲಿಯಬೇಕಾಯಿತು. ಬಿಸಿ ರೊಟ್ಟಿ ನನ್ನ ಜೀವ. ಅದೇ ಎದೆಯಲ್ಲಿ ಉಂಡೆಗಟ್ಟಿ ನಿಲ್ಲುತ್ತಿತ್ತು. ಖಡಕ್ ರೊಟ್ಟಿಯನ್ನು ನುಣ್ಣಗೆ ಅಗಿದರೆ ಇಳಿಯುತ್ತಿತ್ತು. ಊಟದ ಜೊತೆ ನೀರು ಬೇಡ, ಮುಗಿದ ಮೇಲೂ ಅರ್ಧ ಗಂಟೆ ಬೇಡ ಅಂದಿದ್ದರು. ಮಜ್ಜಿಗೆ ಕುಡಿಯದೆ ಎದ್ದರೆ ಊಟ ಮಾಡಿದ ಹಾಗೇ ಆಗದು ನಮಗೆ. ಅದನ್ನು ಬಿಡಲು ಎರಡು ವರ್ಷ ಹಿಡಿಯಿತು. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಬೇಕು. ನಮ್ಮ ಮನೆಯೊಳಗೆ ಮೊಟ್ಟೆ ಬರುವುದಿಲ್ಲ. ಹಾಗಾಗಿ ಮೊದಲು ಮಡಕೆಕಾಳಿನ ಪಲ್ಯ, ಝುಣಕ, ಗಟ್ಟಿ ಮೊಸರು. ಜಾಗ ಉಳಿದರೆ ರೊಟ್ಟಿ. ಅಷ್ಟರಲ್ಲೂ ಲೆಕ್ಕ ತುಂಬದ ದಿನ ಪ್ರೋಟೀನ್ ಪುಡಿ.

ಮೊದಲ ಪಂಚಮಿಗೆ ತವರಿಗೆ ಹೋದಾಗ ಅವ್ವ ಉಂಡಿಯ ಡಬ್ಬಿಗಳನ್ನೇ ಮುಂದಿಟ್ಟಳು. ಶೇಂಗಾ, ಎಳ್ಳು, ರವೆ, ತಂಬಿಟ್ಟು. ಅರ್ಧ ರವೆ ಉಂಡಿ ತಿಂದೆ. ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಮೈಯೆಲ್ಲ ಬೆವರು, ಹೊಟ್ಟೆ ಹಿಂಡಿದ ಹಾಗೆ. ಅವ್ವ ದೃಷ್ಟಿ ತೆಗೆದಳು. ಸಕ್ಕರೆ ಒಮ್ಮೆಲೇ ಕರುಳಿಗೆ ಇಳಿದರೆ ಅದು ನೀರನ್ನು ಎಳೆದುಕೊಂಡು ಹೀಗೆ ಮಾಡುತ್ತದೆ. ಡಂಪಿಂಗ್ ಅನ್ನುತ್ತಾರೆ. ಎರಡು ವರ್ಷ ಕಳೆದ ಮೇಲೆ ಅದರ ಇನ್ನೊಂದು ರೂಪ ನೋಡಿದೆ. ಗೋದಿ ಹುಗ್ಗಿ ಉಂಡು ಎರಡು ಗಂಟೆ ಕಳೆದ ಮೇಲೆ ಮಶಿನ್ ಮುಂದೆ ಕೂತಿದ್ದೆ. ಸೂಜಿಗೆ ದಾರ ಪೋಣಿಸಲು ಕೈ ನಿಲ್ಲುತ್ತಿಲ್ಲ. ಅತ್ತೆಯ ಶುಗರ್ ಮಶಿನ್‌ನಲ್ಲಿ ನೋಡಿದರೆ 54. ಸಿಹಿ ಬೇಗ ಏರಿದ್ದಕ್ಕೆ ಇನ್ಸುಲಿನ್ ಜಾಸ್ತಿ ಬಂದು ಶುಗರ್ ನೆಲ ಕಂಡಿತ್ತು. ಈಗ ಯಾರಾದರೂ ಅಮೀನಗಡದ ಕರದಂಟು ತಂದರೆ, ಊಟ ಆದ ಮೇಲೆ ಉಗುರಿನಷ್ಟು ಮುರಿದು ಬಾಯಿಗೆ ಹಾಕಿಕೊಳ್ಳುತ್ತೇನೆ. ಪೂರ್ತಿ ಬಿಡುವಷ್ಟು ದೊಡ್ಡವಳಾಗಿಲ್ಲ.

ಇನ್ನು ಚಾಕ್‌ನ ಕಥೆ. ಇದನ್ನು ಹೇಳಲು ಇವತ್ತಿಗೂ ನಾಚಿಕೆ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿಗೆ ಹೋಗುವುದು ನಿಂತಿತು. ರಕ್ತ ಪರೀಕ್ಷೆ ನಿಂತಿತು. ಹಿಂದೆಯೇ, ಆಪರೇಷನ್ ಆದಾಗಿನಿಂದ ನುಂಗುತ್ತಿದ್ದ ಗುಳಿಗೆಗಳೂ ನಿಂತವು. ಬಿಡು ಅಂತ ಯಾರೂ ಹೇಳಿರಲಿಲ್ಲ. ಚೆನ್ನಾಗಿದ್ದೇನಲ್ಲ ಅನ್ನಿಸಿತು, ಬಿಟ್ಟೆ. ಮರುವರ್ಷ ದೀಪಾವಳಿಯ ಹೊತ್ತಿಗೆ ಬಟ್ಟೆಯ ಮೇಲೆ ಗುರುತು ಹಾಕುವ ಚಾಕ್‌ನ ವಾಸನೆ ಹಿತವೆನಿಸತೊಡಗಿತು. ಹೊಸ ಮಳೆ ಬಿದ್ದ ಎರಿ ಹೊಲದ ವಾಸನೆ. ಒಂದು ದಿನ ತುದಿ ಕಚ್ಚಿದೆ. ಒಂದು ವಾರಕ್ಕೆ ದಿನಕ್ಕೊಂದು ತುಂಡು. ನನ್ನ ಹತ್ತಿರ ಹೊಲಿಗೆ ಕಲಿಯುವ ಹುಡುಗಿ "ಅಕ್ಕಾರ, ಚಾಕ್ ಎಲ್ಲಿ ಹೊಕ್ಕಾವ್ರಿ?" ಅಂದಳು. ಇಲಿ ಅಂದೆ. ಪಾಪ, ಮರುದಿನ ಇಲಿಬೋನು ತಂದಿಟ್ಟಳು.

ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಮಾಳಿಗೆ ಹತ್ತಿದರೆ ಏದುಸಿರು. ಉಗುರು ಚಮಚದ ಹಾಗೆ ತಗ್ಗು ಬಿದ್ದವು. ಕಡೆಗೆ ನಮ್ಮವರು ಹಟ ಹಿಡಿದು ಲ್ಯಾಬ್‌ಗೆ ಕರೆದುಕೊಂಡು ಹೋದರು. ಹಿಮೋಗ್ಲೋಬಿನ್ 7.6. ಹೆಂಗಸರಿಗೆ 12 ಇರಬೇಕು. ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ 4. ಡಾಕ್ಟರರ ಮುಂದೆ ತಲೆ ತಗ್ಗಿಸಿ ಚಾಕ್ ವಿಷಯ ಹೇಳಿದೆ. ಅವರು ನಗಲಿಲ್ಲ. ಮೈಯಲ್ಲಿ ಕಬ್ಬಿಣ ಖಾಲಿಯಾದವರು ಮಣ್ಣು, ಸುಣ್ಣ, ಹಸಿ ಅಕ್ಕಿ, ಐಸ್ ತಿನ್ನಲು ಹಾತೊರೆಯುತ್ತಾರಂತೆ. ಊಟದ ಕಬ್ಬಿಣವನ್ನು ಹೀರುವುದು ಮುಖ್ಯವಾಗಿ ಕರುಳಿನ ಮೊದಲ ಭಾಗ, ನನ್ನಲ್ಲಿ ಬಳಸಿ ಬಿಟ್ಟದ್ದೂ ಅದೇ. ಜೊತೆಗೆ ತಿಂಗಳ ಮುಟ್ಟು ಜಾಸ್ತಿ ಇತ್ತು. ಎರಡು ಸಲ ಸಲೈನ್‌ನಲ್ಲಿ ಕಬ್ಬಿಣ ಏರಿಸಿದರು. ಎರಡು ವಾರದಲ್ಲಿ ಚಾಕ್ ಬರೀ ಚಾಕ್ ಆಯಿತು. ಬಾಯಿಗೆ ಹಾಕಿದೆ ಅಂತ ನೆನೆದರೆ ವಾಕರಿಕೆ.

ಆವತ್ತಿನಿಂದ ಗುಳಿಗೆ ತಪ್ಪಿಸಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನ ಕ್ಯಾಲ್ಸಿಯಂ ಸಿಟ್ರೇಟ್. ಆ ತರಹದ್ದು ಕರಗಲು ಹೊಟ್ಟೆಯಲ್ಲಿ ಜಾಸ್ತಿ ಆಮ್ಲ ಬೇಕಿಲ್ಲ. ರಾತ್ರಿ ಕಬ್ಬಿಣದ್ದು, ಲಿಂಬೆಹಣ್ಣಿನ ನೀರಿನ ಜೊತೆ. ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣವನ್ನು ತಡೆಯುತ್ತದೆ, ಚಹಾವೂ ತಡೆಯುತ್ತದೆ. ತಿಂಗಳಿಗೊಂದು ಬಿ12 ಇಂಜೆಕ್ಷನ್. ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಅದರ ಅಂಕಿಗಳೂ ಈಗ ವಹಿಯ ಅದೇ ಹಾಳೆಯಲ್ಲಿವೆ.

ಇಷ್ಟಾದರೂ 2023ರಲ್ಲಿ ಇನ್ನೊಂದು ಎಡವಟ್ಟು. ಮಶಿನ್ ತುಳಿದು ಮಂಡಿನೋವು. ಊರಿನ ಒಂದು ಕ್ಲಿನಿಕ್‌ನಲ್ಲಿ ಡೈಕ್ಲೋಫೆನಾಕ್ ಅನ್ನುವ ನೋವಿನ ಗುಳಿಗೆ ಕೊಟ್ಟರು. ಆಪರೇಷನ್ ಆಗಿದೆಯಾ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹದಿನೈದು ದಿನಕ್ಕೆ ಮಲ ಡಾಂಬರಿನ ಹಾಗೆ ಕಪ್ಪಾಯಿತು. ಎಂಡೋಸ್ಕೋಪಿ ಮಾಡಿದರೆ ಚೀಲ ಮತ್ತು ಕರುಳು ಕೂಡುವ ಹೊಲಿಗೆಯ ಹತ್ತಿರ ಹುಣ್ಣು. ಬೈಪಾಸ್ ಆದವರಿಗೆ ಆ ಜಾತಿಯ ನೋವಿನ ಗುಳಿಗೆ ಆಗುವುದಿಲ್ಲ. ಈಗ ಪರ್ಸ್‌ನಲ್ಲಿ ಒಂದು ಚೀಟಿ ಇದೆ: ಯಾವ ಆಪರೇಷನ್, ಯಾವ ವರ್ಷ, ಯಾವ ಗುಳಿಗೆ ಬೇಡ. ಹಲ್ಲಿನ ಡಾಕ್ಟರರಿಗೂ ಮೊದಲು ಅದನ್ನೇ ತೋರಿಸುತ್ತೇನೆ. ಮಂಡಿಗೆ ಪ್ಯಾರಾಸಿಟಮಾಲ್ ಸಾಕಾಯಿತು. ಮಶಿನ್‌ಗೆ ಮೋಟಾರ್ ಹಾಕಿಸಿದೆ.

ತೂಕ? ಬಂತು, ಸ್ವಲ್ಪ. ಮದುವೆ ಸೀಸನ್‌ನಲ್ಲಿ ಸಂಜೆ ನಾಲ್ಕೂವರೆಗೆ ಅಂಗಡಿಗೆ ಗಿರಮಿಟ್ ಮತ್ತು ಚಹಾ ಬರುತ್ತಿತ್ತು. ಚುರುಮರಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಜಾರಿ ಹೋಗುತ್ತದೆ. ಜೊತೆಗೆ ಚಹಾ ಕುಡಿದರೆ ಇನ್ನೂ ಬೇಗ. ರೊಟ್ಟಿ ಒಂದಕ್ಕೇ ಸಾಕಾಗುವ ಹೊಟ್ಟೆಗೆ ಗಿರಮಿಟ್ ಎರಡು ಪ್ಲೇಟ್ ಹಿಡಿಯುತ್ತಿತ್ತು! 71 ಇದ್ದದ್ದು 2024ಕ್ಕೆ 84. ಎರಡು ವರ್ಷದ ನಂತರ ಕೆಲವು ಕಿಲೋ ಏರುವುದು ಸಾಮಾನ್ಯ ಅಂತ ಬೆಂಗಳೂರಿನವರು ಸಮಾಧಾನ ಹೇಳಿದರು. ಆದರೆ 13 ಕಿಲೋ ಕೆಲವಲ್ಲ ಅಲ್ವಾ. ಗಿರಮಿಟ್ ಜಾಗಕ್ಕೆ ಪುಟಾಣಿ, ಅಂದರೆ ಹುರಿಗಡಲೆ, ಬಂತು, ಚಹಾ ಅರ್ಧ ಗಂಟೆ ತಡವಾಯಿತು. ಬೆಳಿಗ್ಗೆ ಐದೂವರೆಗೆ ಸೆಕ್ಟರ್ ರಸ್ತೆಗಳಲ್ಲಿ ನಡೆಯುತ್ತೇನೆ. ಬೇಸಿಗೆಯಲ್ಲಿ ಅದಕ್ಕಿಂತ ತಡ ಮಾಡಿದರೆ ಬಿಸಿಲು ಬಿಡುವುದಿಲ್ಲ. ಹೊಟ್ಟೆಯ ಜೋತುಬಿದ್ದ ಚರ್ಮದ ಸಂದಿಯಲ್ಲಿ ಬೆವರುಸಾಲೆ ಆಗುತ್ತದೆ. ಅದಕ್ಕೆ ಹಳೆಯ ಹತ್ತಿ ಸೀರೆಯಿಂದ ಅಗಲದ ಪಟ್ಟಿ ಹೊಲಿದುಕೊಂಡಿದ್ದೇನೆ. ಚರ್ಮ ತೆಗೆಸಿಕೊಳ್ಳುವ ಆಪರೇಷನ್ ಇದೆ, ದುಡ್ಡಿಲ್ಲ.

ಈಗ 79 ಕಿಲೋ. 2019ರಲ್ಲಿ ಇಲಕಲ್ ಸೀರೆಗೆ ಹೊಲಿದ ಬ್ಲೌಸ್‌ನಲ್ಲಿ, ಗಿರಾಕಿಗಳಿಗೆ ಬಿಡುವ ಹಾಗೆ, ಒಳಗೆ ಒಂದೂವರೆ ಇಂಚು ಬಟ್ಟೆ ಬಿಟ್ಟು ಮೂರು ಹೊಲಿಗೆ ಹಾಕಿದ್ದೆ. ಒಂದನ್ನು ಬಿಚ್ಚಿದ್ದೇನೆ. ಇನ್ನೂ ಎರಡು ಇವೆ.