ತಂಜಾವೂರಿನ ಬೃಹದೀಶ್ವರ ದೇವಾಲಯವನ್ನು ನೋಡುವ ಕ್ರಮ

ತಂಜಾವೂರಿನ ಬೃಹದೀಶ್ವರ ದೇವಾಲಯಕ್ಕೆ ಹೋದವರಲ್ಲಿ ಹೆಚ್ಚಿನವರು ಗರ್ಭಗುಡಿಯ ಮೇಲೆ ಏರುವ ಕಟ್ಟಡವಾದ ವಿಮಾನದ ತುದಿಯನ್ನು ಕತ್ತೆತ್ತಿ ನೋಡಿ, ನಂದಿಯ ಮುಂದೆ ಫೋಟೋ ತೆಗೆಸಿಕೊಂಡು, ದರ್ಶನ ಮುಗಿಸಿ ಬೇಗನೆ ಹೊರಬಂದುಬಿಡುತ್ತಾರೆ. ಒಂದನೆಯ ರಾಜರಾಜ ಚೋಳನು 1010ರಲ್ಲಿ ಪೂರ್ಣಗೊಳಿಸಿದ ಈ ವಿಮಾನದ ಎತ್ತರ 60 ಮೀಟರಿಗೂ ಹೆಚ್ಚಾಗಿರುವುದರಿಂದ ಕಣ್ಣು ಮೇಲಕ್ಕೇ ಹೋಗುವುದು ಸಹಜ. ಆದರೂ ಇದನ್ನು ತಳದಿಂದ ಮೇಲಕ್ಕೆ, ಅದೂ ಪ್ರದಕ್ಷಿಣೆಯಾಗಿ ನೋಡುವುದು ಮೇಲು. ಏಕೆಂದರೆ ಈ ಕಟ್ಟಡಕ್ಕೆ ಯಾರು ಏನು ಕೊಟ್ಟರು, ಆ ಸಂಪತ್ತು ಎಲ್ಲಿಂದ ಬಂತು ಎಂಬುದನ್ನು ಕೊರೆದಿರುವುದು ಅದರ ಅಧಿಷ್ಠಾನದ, ಎಂದರೆ ಗೋಡೆಯನ್ನು ಹೊತ್ತ ಕಲ್ಲಿನ ಪೀಠದ ಮೇಲೆ.

ಕರ್ನಾಟಕದಿಂದ ಹೋಗುವವರಿಗೆ ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಮೈಲಾಡುದುರೈ ಕಡೆಗೆ ಹೋಗುವ ರಾತ್ರಿ ರೈಲು ಅನುಕೂಲಕರವಾಗಿದ್ದು, ಅದು ಬೆಳಗ್ಗೆ ತಂಜಾವೂರನ್ನು ಮುಟ್ಟಿಸುತ್ತದೆ. ವಿಮಾನಯಾನದಲ್ಲಿ ಬರುವವರು ತಿರುಚ್ಚಿಯಲ್ಲಿಳಿದು ಬಸ್ಸಿನಲ್ಲಿ ಬರಬಹುದು. ರೈಲು ನಿಲ್ದಾಣದಿಂದ ದೇವಾಲಯಕ್ಕೆ ಆಟೋದಲ್ಲಿ ಕೆಲವೇ ನಿಮಿಷಗಳ ದಾರಿ; ಸ್ಥಳೀಯರಿಗೆ ‘ಪೆರಿಯ ಕೋವಿಲ್’ (ದೊಡ್ಡ ಗುಡಿ) ಎಂದರೆ ಸಾಕು. ಕಾವೇರಿಯ ಈ ಬಯಲಿಗೆ ಹಿಂಗಾರು ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ ಮಳೆ ತರುವುದರಿಂದ ಜನವರಿ ಮತ್ತು ಫೆಬ್ರವರಿ ತಿಂಗಳುಗಳೇ ಪ್ರವಾಸಕ್ಕೆ ಹಿತವಾದವು. ಪ್ರವೇಶಕ್ಕೆ ಶುಲ್ಕವಿಲ್ಲ. ಗರ್ಭಗುಡಿಯನ್ನು ಮಧ್ಯಾಹ್ನ ಮುಚ್ಚಿ ಸಂಜೆ ನಾಲ್ಕರ ಸುಮಾರಿಗೆ ಮತ್ತೆ ತೆರೆಯುತ್ತಾರೆ. ಹೀಗಾಗಿ ಬೆಳಗ್ಗೆ ಆರೂವರೆಯೊಳಗೆ ಒಮ್ಮೆ, ಸಂಜೆ ಇನ್ನೊಮ್ಮೆ ಎಂದು ಭೇಟಿಯನ್ನು ಎರಡು ಹೊತ್ತಿಗೆ ಹಂಚಿಕೊಳ್ಳುವುದು ಲೇಸು. ಪಾದರಕ್ಷೆಗಳನ್ನು ಹೊರಗೇ ಬಿಡಬೇಕಾದ ಕಾರಣ ಹತ್ತು ಗಂಟೆಯ ನಂತರ ಅಂಗಳದ ಕಲ್ಲುಹಾಸು ಅಂಗಾಲನ್ನು ಸುಡುತ್ತದೆ. ದಪ್ಪನೆಯ ಕಾಲುಚೀಲ ಒಯ್ದರೆ ಒಳ್ಳೆಯದು. ಇಲ್ಲಿ ನಿತ್ಯಪೂಜೆ ನಡೆಯುವುದರಿಂದ ಉಡುಪು ಮೈಮುಚ್ಚುವಂತಿರಲಿ. ಪ್ರದೋಷದ ಸಂಜೆ ನಂದಿಗೆ ನಡೆಯುವ ಅಭಿಷೇಕವನ್ನು ನೋಡುವ ಆಸೆಯಿದ್ದರೆ ಆ ದಿನವೇ ಹೋಗಬೇಕು. ಶಿಲ್ಪಗಳನ್ನು ನಿಧಾನವಾಗಿ ನೋಡುವ ಉದ್ದೇಶವಿದ್ದರೆ ಜನಸಂದಣಿಯ ಆ ದಿನವನ್ನು ಬಿಟ್ಟುಬಿಡಬೇಕು.

ಒಳಬರುವಾಗ ಮರಾಠರ ಕಾಲದ ಹೊರಬಾಗಿಲು ಮೊದಲು ಎದುರಾಗುತ್ತದೆ. ಅದರ ಹಿಂದಿನ ಎರಡು ಗೋಪುರಗಳು ರಾಜರಾಜನವು. ಮೊದಲನೆಯದಾದ ಕೇರಳಾಂತಕ ಬಾಗಿಲಿಗೆ ಆ ಹೆಸರು ಬಂದದ್ದು ಕೇರಳದ ಮೇಲಿನ ಅವನ ವಿಜಯದಿಂದ. ಎರಡನೆಯದು ರಾಜರಾಜನ ಹೆಸರಿನದೇ, ಅದರ ಇಕ್ಕೆಲಗಳಲ್ಲಿ ಭಾರಿ ಗಾತ್ರದ ದ್ವಾರಪಾಲಕರಿದ್ದಾರೆ. ಮಧುರೆ, ಶ್ರೀರಂಗಗಳನ್ನು ನೋಡಿ ಬಂದವರಿಗೆ ಇಲ್ಲಿ ಒಂದು ವ್ಯತ್ಯಾಸ ಹೊಳೆಯಬೇಕು: ಅಲ್ಲಿ ಗೋಪುರಗಳು ಮುಗಿಲಿಗೆ ಏರಿ ಗರ್ಭಗುಡಿಯ ವಿಮಾನ ತಗ್ಗಿನಲ್ಲಿ ಉಳಿದರೆ, ಇಲ್ಲಿ ಗೋಪುರಗಳು ಗಿಡ್ಡವಾಗಿದ್ದು ದೇವರ ತಲೆಯ ಮೇಲಿನ ವಿಮಾನವೇ ಎಲ್ಲಕ್ಕಿಂತ ಎತ್ತರದಲ್ಲಿದೆ. ಅಂಗಳ ಸುಮಾರು 240 ಮೀಟರ್ ಉದ್ದ, 120 ಮೀಟರ್ ಅಗಲವಿದೆ, ಎಂದರೆ ಎರಡು ಚೌಕಗಳನ್ನು ಸೇರಿಸಿದ ಅಳತೆ. ಹಿಂದಿನ ಚೌಕದ ನಡುವೆ ವಿಮಾನ ನಿಂತಿದೆ. ಇಡೀ ಕಟ್ಟಡವನ್ನು ಒಂದೇ ನೋಟದಲ್ಲಿ ಹಿಡಿಯಬೇಕಾದರೆ ಅಂಗಳದ ನೈಋತ್ಯ ಮೂಲೆಯ ಕೈಸಾಲೆಯವರೆಗೂ ಹಿಂದೆ ಸರಿಯಬೇಕು.

ನಂದಿ ಮತ್ತು ಅದರ ಮಂಟಪ ಚೋಳರ ಎಷ್ಟೋ ಕಾಲದ ನಂತರ ಆಳಿದ ನಾಯಕ ಅರಸರ ಕಾಲದವು, ರಾಜರಾಜನವಲ್ಲ. ಏಕಶಿಲೆಯ ಆ ನಂದಿಯನ್ನು ನೋಡಿ ಮುಂದೆ ಸಾಗಿ. ಹೆಚ್ಚಿನ ಸಮಯವನ್ನು ದಕ್ಷಿಣದ ಗೋಡೆಗೆ ಮೀಸಲಿಡಿ.

ಗೋಡೆಯ ಬುಡದಲ್ಲಿ ನಿಂತರೆ ಅಧಿಷ್ಠಾನದ ಉಬ್ಬುಪಟ್ಟಿಗಳ ಮೇಲೆ, ಕುಮುದವೆಂಬ ದುಂಡನೆಯ ಪಟ್ಟಿಯ ಬಾಗನ್ನೂ ಬಿಡದೆ, ಸಾಲುಸಾಲಾಗಿ ತಮಿಳು ಅಕ್ಷರಗಳು ಕಾಣುತ್ತವೆ. ಬೆಳಗಿನ ಓರೆ ಬಿಸಿಲಿನಲ್ಲಿ ಉಳಿಯ ಗೆರೆಗಳು ಸ್ಪಷ್ಟವಾಗುವುದರಿಂದ ಇದಕ್ಕೆ ಮುಂಜಾನೆಯೇ ತಕ್ಕ ಹೊತ್ತು. ನಾವು ಕೊಟ್ಟದ್ದು, ಅಕ್ಕ ಕೊಟ್ಟದ್ದು, ನಮ್ಮ ಹೆಂಡಿರು ಕೊಟ್ಟದ್ದು, ಉಳಿದವರು ಕೊಟ್ಟದ್ದು ಎಲ್ಲವನ್ನೂ ಈ ವಿಮಾನದ ಕಲ್ಲಿನ ಮೇಲೆ ಕೊರೆಯಿರಿ ಎಂದು ರಾಜರಾಜ ಇಲ್ಲಿ ಆಜ್ಞಾಪಿಸಿದ್ದಾನೆ. ಆ ಅಕ್ಕ ಕುಂದವೈ. ಒಡವೆಗಳ ತೂಕ, ದೀಪಗಳಿಗೆ ಬಿಟ್ಟ ಜಾನುವಾರು, ಭತ್ತ ಬರಬೇಕಾದ ಊರುಗಳು ಹೀಗೆ ಲೆಕ್ಕ ಮುಂದುವರಿಯುತ್ತದೆ. ದೇವಾಲಯದ ಸೇವೆಗೆಂದು ಬೇರೆ ಬೇರೆ ಊರುಗಳಿಂದ ಕರೆಸಿದ ನಾನೂರು ನರ್ತಕಿಯರ ಹೆಸರನ್ನು, ಅವರಿಗೆ ಕೊಟ್ಟ ಮನೆ ಯಾವ ಬೀದಿಯಲ್ಲಿ ಎಷ್ಟನೆಯದು ಎಂಬುದರ ಸಹಿತ, ಇಲ್ಲಿನ ಶಾಸನವೊಂದು ದಾಖಲಿಸುತ್ತದೆ. ರಾಜನ ಬಿರುದಾವಳಿಗಿಂತ ಈ ಮನೆಗಳ ಪಟ್ಟಿಯೇ ಈ ದೇವಾಲಯದ ಗಾತ್ರವನ್ನು ಹೆಚ್ಚು ಚೆನ್ನಾಗಿ ತಿಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಕನ್ನಡಿಗರು ಗಮನಿಸಬೇಕಾದ ಸಂಗತಿಯೂ ಈ ಶಾಸನಗಳಲ್ಲಿದೆ. ಸತ್ಯಾಶ್ರಯನನ್ನು ಗೆದ್ದು ಮರಳಿದ ರಾಜರಾಜನು ದೇವರಿಗೆ ಚಿನ್ನದ ಹೂಗಳನ್ನು ಅರ್ಪಿಸಿದನೆಂದು ಅವು ಹೇಳುತ್ತವೆ. ಈ ಸತ್ಯಾಶ್ರಯ ಕಲ್ಯಾಣದ ಚಾಲುಕ್ಯರ ಅರಸ, ರನ್ನನಿಗೆ ಆಶ್ರಯವಿತ್ತ ಇರಿವಬೆಡಂಗ. ನಮ್ಮ ಕಡೆಯ ಹೊಟ್ಟೂರಿನ ಶಾಸನವಾದರೋ ಚೋಳರ ಸೈನ್ಯ ನಾಡನ್ನು ಹಾಳುಮಾಡಿದ್ದನ್ನು ಹೇಳಿ, ಸತ್ಯಾಶ್ರಯನೇ ಅವರನ್ನು ಹಿಮ್ಮೆಟ್ಟಿಸಿದನೆಂದು ಸಾರುತ್ತದೆ. ಎರಡನ್ನೂ ತಿಳಿದು ಹೋದವರಿಗೆ ಈ ಗೋಡೆ ಬೇರೆಯೇ ರೀತಿಯಲ್ಲಿ ಕಾಣುತ್ತದೆ.

ಅಲ್ಲಿಂದ ಕಣ್ಣನ್ನು ಮೇಲಕ್ಕೆ ಒಯ್ಯಿರಿ. ಗೋಡೆಯಲ್ಲಿ ಎರಡು ಅಂತಸ್ತಿನ ಗೂಡುಗಳಿದ್ದು, ಕೆಳಗಿನವುಗಳಲ್ಲಿ ಭಿಕ್ಷಾಟನ, ಕಾಲಾಂತಕ, ನಟರಾಜ ಮೊದಲಾದ ಶಿವನ ಬಗೆಬಗೆಯ ರೂಪಗಳಿವೆ. ಮೇಲಿನ ಸಾಲಿನಲ್ಲಿ ಮಾತ್ರ ಅಸುರರ ಮೂರು ಪುರಗಳನ್ನು ಸುಟ್ಟ, ಬಿಲ್ಲು ಹಿಡಿದ ತ್ರಿಪುರಾಂತಕ ಶಿವನೇ ಮತ್ತೆ ಮತ್ತೆ ಬರುತ್ತಾನೆ. ಯುದ್ಧಗಳನ್ನು ಗೆದ್ದ ಅರಸನಿಗೆ ಈ ರೂಪ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ಅದರ ಮೇಲೆ ಹದಿಮೂರು ತಲಗಳು (ಅಂತಸ್ತುಗಳು) ಕಿರಿದಾಗುತ್ತ ತುದಿಯ ಗುಮ್ಮಟದಂಥ ಶಿಖರವನ್ನು ಸೇರುತ್ತವೆ. ಶಿಖರ ಎಂಬತ್ತು ಟನ್ನಿನ ಒಂದೇ ಕಲ್ಲು, ವಿಮಾನದ ನೆರಳು ನೆಲಕ್ಕೆ ಬೀಳುವುದಿಲ್ಲ ಎಂಬ ಮಾತುಗಳನ್ನು ನೀವು ಅಲ್ಲಿ ಖಂಡಿತ ಕೇಳುತ್ತೀರಿ. ಶಿಖರವು ಹಲವು ಕಲ್ಲುಗಳ ಜೋಡಣೆಯೆಂಬುದು ಅದನ್ನು ಅಧ್ಯಯನ ಮಾಡಿದವರ ಅಭಿಪ್ರಾಯ. ನೆರಳಿನ ವಿಷಯವನ್ನು ಸಂಜೆ ಐದರ ಹೊತ್ತಿಗೆ ಪೂರ್ವದ ಅಂಗಳದಲ್ಲಿ ನಿಂತು ನೀವೇ ನೋಡಿಕೊಳ್ಳಬಹುದು.

ದರ್ಶನಕ್ಕೆ ಸಾಲು ಸಾಗುವುದು ಮಬ್ಬುಗತ್ತಲಿನ ಮಂಟಪಗಳ ಮೂಲಕ. ಒಳಗೆ ಫೋಟೋ ತೆಗೆಯುವಂತಿಲ್ಲ. ಆಳೆತ್ತರವನ್ನು ಮೀರಿದ ಲಿಂಗವನ್ನು ದೂರದಿಂದಲೇ ನೋಡಬೇಕು. ಗರ್ಭಗುಡಿಯ ಸುತ್ತ ಗೋಡೆಯೊಳಗೇ ಇರುವ ಓಣಿಯಲ್ಲಿ ನಾಯಕರ ಕಾಲದ ಚಿತ್ರಗಳಡಿ ಅಡಗಿದ್ದ ಚೋಳರ ವರ್ಣಚಿತ್ರಗಳು 1931ರಲ್ಲಿ ಬೆಳಕಿಗೆ ಬಂದವು. ಅದರ ಮೇಲಂತಸ್ತಿನಲ್ಲಿ ನಾಟ್ಯದ 108 ಕರಣಗಳ (ನೃತ್ಯಭಂಗಿಗಳ) ಪೈಕಿ 81ನ್ನು ಮಾತ್ರ ಕೊರೆದು, ಉಳಿದ ಕಲ್ಲುಗಳನ್ನು ಬರಿದಾಗಿ ಬಿಡಲಾಗಿದೆ. ಇವೆರಡೂ ಸಾರ್ವಜನಿಕರಿಗೆ ಸಾಮಾನ್ಯವಾಗಿ ತೆರೆದಿರುವುದಿಲ್ಲವಾದ್ದರಿಂದ ಅವುಗಳ ಛಾಯಾಚಿತ್ರಗಳನ್ನು ಮೊದಲೇ ನೋಡಿಕೊಂಡು ಹೋಗುವುದು ಒಳ್ಳೆಯದು.

ಅಂಗಳದಲ್ಲಿರುವ ಅಮ್ಮನವರ ಗುಡಿ ಪಾಂಡ್ಯರ ಕಾಲದ್ದು. ವಾಯವ್ಯದ ಸುಬ್ರಹ್ಮಣ್ಯ ಗುಡಿ ನಾಯಕರದು. ಇದರ ಸೂಕ್ಷ್ಮ ಕೆತ್ತನೆಯನ್ನು ನೋಡದೆ ಬರಬಾರದು. ಮಧ್ಯಾಹ್ನದ ಬಿಡುವನ್ನು ಅರಮನೆಯ ಕಲಾ ಸಂಗ್ರಹಾಲಯಕ್ಕೆ ಕೊಟ್ಟರೆ ಚೋಳರ ಕಂಚಿನ ಮೂರ್ತಿಗಳನ್ನು ಹತ್ತಿರದಿಂದ ನೋಡಬಹುದು. ಮರುದಿನವೂ ಕೈಯಲ್ಲಿದ್ದರೆ ಕುಂಭಕೋಣದ ಮಗ್ಗುಲಿನ ದಾರಾಸುರದ ಚೋಳ ದೇವಾಲಯವನ್ನು ಬೆಳಗ್ಗೆ ಮುಗಿಸಿ, ರಾಜರಾಜನ ಮಗ ರಾಜೇಂದ್ರನು ಕಟ್ಟಿಸಿದ ಗಂಗೈಕೊಂಡ ಚೋಳಪುರವನ್ನು ಸಂಜೆ ತಲುಪುವಂತೆ ಬಾಡಿಗೆ ಕಾರನ್ನು ಗೊತ್ತುಮಾಡಿಕೊಳ್ಳಿ; ಆ ದೇವಾಲಯವೂ ಮಧ್ಯಾಹ್ನ ಮುಚ್ಚಿರುತ್ತದೆ.